ಸಂಶಯದ ಸಂಸ್ಕಾರ: ಊರೊಳಗಣ ಪತ್ತೇದಾರಿ ಕಥೆಯ ಚರಿತ್ರೆ

ಆಲೂರು ತಾಲ್ಲೂಕಿನ ಕುಂದೂರು ಸೀಮೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಹೊರಗಣ ಕೆಲಸವೆಲ್ಲ ನಿಂತು, ಮನೆಮಂದಿಯೆಲ್ಲ ಒಲೆಯ ಬಳಿ ಸೇರುವುದು ವಾಡಿಕೆ. ನನ್ನ ಬಾಲ್ಯದಲ್ಲಿ ಅಂತಹ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಮನೆಯ ಪೂಜೆಯ ಬೆಳ್ಳಿಯ ಪಂಚಪಾತ್ರೆಯು ಕಾಣದೆ ಹೋಯಿತು. ಹಿಂದಿನ ದಿನ ಮನೆಯಲ್ಲಿ ವ್ರತವಿದ್ದಿತು. ನೆಂಟರು ಬಂದು ಹೋಗಿದ್ದರು. ಪಾತ್ರೆ ಬೆಳಗುವುದಕ್ಕೆಂದು ತೋಟದ ಲೈನಿನಿಂದ ಒಬ್ಬ ಹೆಂಗಸು ಬಂದಿದ್ದಳು. ಯಾರೂ ಬಾಯಿಬಿಟ್ಟು ಹೇಳದೆಯೇ ಎಲ್ಲರ ದೃಷ್ಟಿಯೂ ಆ ಹೆಂಗಸಿನ ಕಡೆಗೆ ತಿರುಗಿತು. ಮರುದಿನ ಯಾರೋ ಬಾಯಿಬಿಟ್ಟೇ ಕೇಳಿದರು. ನಮ್ಮ ಅಜ್ಜಿಯವರು ಮಾತ್ರ ಅದಕ್ಕೆ ಒಪ್ಪದೆ, ವ್ರತದ ದಿನ ಯಾರು ಯಾವ ಹೊತ್ತಿನಲ್ಲಿ ಎಲ್ಲಿದ್ದರು, ಯಾವ ಪಾತ್ರೆಯನ್ನು ಯಾರ ಕೈಯಿಂದ ಯಾರು ತೆಗೆದುಕೊಂಡರು ಎಂಬುದನ್ನು ಒಬ್ಬೊಬ್ಬರಿಂದ ಸಾವಧಾನವಾಗಿ ಹೇಳಿಸುತ್ತ ಬಂದರು. ಮೂರನೆಯ ದಿನ ಅವರು ಎದ್ದು ಹೋಗಿ ಮಡಿಬಟ್ಟೆಯ ಪೆಟ್ಟಿಗೆಯನ್ನು ತೆಗೆಸಿದರು. ಪಂಚಪಾತ್ರೆಯು ಪಟ್ಟೆಮಡಿಯ ಮಡಿಕೆಯಲ್ಲಿದ್ದಿತು. ನೆಂಟರನ್ನು ಬಸ್ಸಿಗೆ ಕಳುಹಿಸುವ ಅವಸರದಲ್ಲಿ ಅದನ್ನು ಅಲ್ಲಿಟ್ಟು ಮರೆತವರು ಮನೆಯ ಯಜಮಾನರೇ ಆಗಿದ್ದರು.

ಕ್ಷುಲ್ಲಕವಾದ ಈ ಸಂಗತಿಯನ್ನು ಇಲ್ಲಿ ಹೇಳಲು ಕಾರಣವುಂಟು. ಇಂಗ್ಲಿಷ್ ಸಾಹಿತ್ಯದಲ್ಲಿ ಕಳೆದ ನೂರೈವತ್ತು ವರ್ಷಗಳಿಂದ ಬೆಳೆದುಬಂದಿರುವ ಒಂದು ಜಾತಿಯ ಕಾದಂಬರಿಯುಂಟು. ಅದರಲ್ಲಿ ಸ್ಥಳವು ಒಂದು ಸಣ್ಣ ಊರು. ಪಾತ್ರಗಳು ಪರಸ್ಪರ ಬಲ್ಲ ನೆರೆಹೊರೆಯವರು. ನಡೆದ ಅಪರಾಧವನ್ನು ಶೋಧಿಸುವವರು ಪೋಲೀಸಿನವರಲ್ಲ, ಆ ಊರಿನವರೇ ಆದ ಓರ್ವ ಸಾಮಾನ್ಯ ವ್ಯಕ್ತಿ. ರಕ್ತಪಾತದ ವರ್ಣನೆ ಅಲ್ಲಿ ಕಡಿಮೆ. ಕಾಫಿ ತಿಂಡಿಗಳ ನಡುವೆ ನಡೆಯುವ ಮಾತುಕತೆಯೇ ಹೆಚ್ಚು. ಇದನ್ನು ಹೊತ್ತು ಕಳೆಯುವ ಓದು ಎಂದು ವಿದ್ಯಾವಂತರು ಬದಿಗಿಡುವುದುಂಟು. ಪತ್ತೇದಾರಿ ಪುಸ್ತಕವನ್ನು ಓದಿದರೆ ಮಕ್ಕಳು ಕೆಡುವರೆಂಬ ನಂಬಿಕೆಯೂ ನಮ್ಮ ಮನೆಗಳಲ್ಲಿ ಬಹುಕಾಲ ಇದ್ದಿತು. ಆದರೆ ಇದರ ಚರಿತ್ರೆಯನ್ನು ವಿಚಾರಮಾಡಿ ನೋಡಿದರೆ ಬೇರೊಂದು ಸಂಗತಿ ಹೊರಪಡುತ್ತದೆ. ಮನೆಯಲ್ಲಿ ವಸ್ತು ಕಳೆದಾಗ ಮೊದಲು ಯಾರನ್ನು ಸಂಶಯಿಸುತ್ತೇವೆ, ಯಾರನ್ನು ಎಂದಿಗೂ ಸಂಶಯಿಸುವುದಿಲ್ಲ ಎಂಬ ಪ್ರಶ್ನೆಯೇ ಈ ಕಥೆಗಳ ಮೂಲದಲ್ಲಿದೆ. ಪ್ರಕೃತ ಲೇಖನದಲ್ಲಿ ಆ ಎಳೆಯನ್ನೇ ಹಿಡಿದು ಹೋಗಲು ಪ್ರಯತ್ನಿಸಲಾಗಿದೆ.

ಅಪರಾಧಶೋಧನೆಯ ಕಥೆ ಕನ್ನಡಕ್ಕೆ ಕೇವಲ ಪಶ್ಚಿಮದಿಂದ ಬಂದುದೆಂದು ತಿಳಿಯತಕ್ಕದ್ದಲ್ಲ. ನಮ್ಮ ಅತ್ಯಂತ ಪ್ರಾಚೀನ ಗದ್ಯಕೃತಿಗಳಲ್ಲೊಂದಾದ ವಡ್ಡಾರಾಧನೆಯಲ್ಲಿ ಹತ್ತೊಂಬತ್ತು ಕಥೆಗಳಿದ್ದು, ಅವುಗಳಲ್ಲಿ ವಿದ್ಯುಚ್ಚೋರನ ಕಥೆಯೂ ಒಂದು. ಚೋರವಿದ್ಯೆಯಲ್ಲಿ ಪಾರಂಗತನಾದ ವಿದ್ಯುಚ್ಚೋರನು ಹಗಲು ರೋಗಿಯ ವೇಷದಲ್ಲಿದ್ದು ರಾತ್ರಿ ಕಳವು ಮಾಡುವನು. ಅವನನ್ನು ಹಿಡಿಯಬೇಕಾದ ತಳಾರ ಯಮದಂಡನು ಅವನ ಬಾಲ್ಯಸ್ನೇಹಿತ. ಪರಿಪರಿಯ ದಂಡನೆಗಳಿಗೆ ಒಳಪಡಿಸಿದರೂ ಬಾಯಿಬಿಡದ ಚೋರನು, ಅರಸನು ಅಭಯವನ್ನಿತ್ತ ಮೇಲೆ ಸತ್ಯವನ್ನು ಹೇಳುವನು. ನೋವಿನಿಂದ ಹೊರಡದ ಸತ್ಯವು ಅಭಯದಿಂದ ಹೊರಟಿತೆಂಬ ಈ ಮಾತು ಸಾವಿರ ವರ್ಷಗಳ ಹಿಂದಿನದೆಂಬುದನ್ನು ಸ್ಮರಿಸಬೇಕು. ನ್ಯಾಯ ಹೇಳುವ ಮರ್ಯಾದೆ ರಾಮಣ್ಣನ ಕಥೆಗಳು ನಮ್ಮ ಅಜ್ಜಿಯರ ಬಾಯಲ್ಲಿ ಇಂದಿಗೂ ಉಳಿದಿವೆ.

ಕಥೆಗಳಲ್ಲಿದ್ದ ತಳಾರನು ನಮ್ಮ ಹಳ್ಳಿಗಳಲ್ಲಿಯೂ ಇದ್ದನು. ಪಟೇಲ, ಶಾನುಭೋಗ, ತಳವಾರ, ತೋಟಿ ಎಂಬ ಗ್ರಾಮಾಧಿಕಾರದ ವ್ಯವಸ್ಥೆಯಲ್ಲಿ ಪಟೇಲನಿಗೆ ಊರಿನ ಕಾವಲಿನ ಹೊಣೆ. ತಳವಾರ ತೋಟಿಗಳಿಗೆ ಬಂದುಹೋಗುವವರ ಮೇಲೆ ಕಣ್ಣಿಡುವ ಕೆಲಸ. ಯಾವ ದಾರಿಯಲ್ಲಿ ಯಾರು ನಡೆದರು, ಯಾರ ದನ ಯಾರ ಗದ್ದೆಗಿಳಿಯಿತು ಎಂಬುದೆಲ್ಲ ಅವರಿಗೆ ಕರತಲಾಮಲಕವಾಗಿದ್ದಿತು. ವಂಶಪಾರಂಪರ್ಯವಾದ ಈ ಹುದ್ದೆಗಳನ್ನು ೧೯೬೧ರ ಕಾಯಿದೆಯು ರದ್ದುಮಾಡಿತು. ಊರನ್ನು ಬಲ್ಲವನೇ ಊರಿನ ರಹಸ್ಯವನ್ನು ಬಿಡಿಸಬಲ್ಲನೆಂಬ ತತ್ತ್ವವು ಹೀಗೆ ನಮಗೆ ಹೊಸದಲ್ಲ. ಆದರೆ ಊರನ್ನು ಬಲ್ಲವರ ದೃಷ್ಟಿಗೆ ಒಂದು ದೋಷವೂ ಉಂಟು. ಅದು ಹೊರಗಿನವನನ್ನು ಬಹು ಬೇಗ ಕಾಣುತ್ತದೆ; ಒಳಗಿನವನನ್ನು ಬಹು ನಿಧಾನವಾಗಿ ಕಾಣುತ್ತದೆ.

ಈ ದೋಷವನ್ನು ಕಥಾವಸ್ತುವಾಗಿ ಮಾಡಿದ ಮೊದಲ ಮಹಾಕಾದಂಬರಿಯು ಇಂಗ್ಲೆಂಡಿನಲ್ಲಿ ಹುಟ್ಟಿದರೂ ಅದರ ಬೀಜವು ಮೈಸೂರು ನಾಡಿನಲ್ಲಿದೆಯೆಂಬುದು ನಮಗೆ ಕೌತುಕದ ವಿಷಯ. ಸಕಲೇಶಪುರದ ಸಮೀಪದ ಗುಡ್ಡದ ಮೇಲೆ ನಕ್ಷತ್ರಾಕಾರದ ಮಂಜರಾಬಾದು ಕೋಟೆಯನ್ನು ಟೀಪು ಸುಲ್ತಾನನು ೧೭೯೨ರಲ್ಲಿ ಕಟ್ಟಿಸಿದನು. ಏಳು ವರ್ಷಗಳ ತರುವಾಯ, ೧೭೯೯ನೆಯ ಮೇ ೪ರಂದು, ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಯಿತು, ಟೀಪು ಮಡಿದನು, ಪಟ್ಟಣದಲ್ಲಿ ಸೂರೆ ನಡೆಯಿತು. ಆ ಸೂರೆಯಿಂದಲೇ ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ ಎಂಬ ಕಾದಂಬರಿಯು ಆರಂಭವಾಗುತ್ತದೆ. ೧೮೬೮ರಲ್ಲಿ ಪ್ರಕಟವಾದ ಈ ಕೃತಿಯಲ್ಲಿ ಹರ್ನ್‌ಕಾಸಲ್ ಎಂಬ ಇಂಗ್ಲಿಷ್ ಸೇನಾಧಿಕಾರಿಯು ದೇವರಿಗೆ ಸೇರಿದ ವಜ್ರವೊಂದನ್ನು ಟೀಪುವಿನ ಭಂಡಾರದಿಂದ ಕೊಲೆಮಾಡಿ ಅಪಹರಿಸುವನು. ವಜ್ರವು ಕಲ್ಪಿತ, ಸೂರೆಯು ಚರಿತ್ರೆ. ಕಾಲಾಂತರದಲ್ಲಿ ಅದು ಯಾರ್ಕ್‌ಷೈರಿನ ಒಂದು ಮನೆಯ ಹುಡುಗಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದು, ಅದೇ ರಾತ್ರಿ ಮಾಯವಾಗುತ್ತದೆ.

ಆಗ ನಡೆದುದೇನು? ಮನೆಯ ಬಾಗಿಲಲ್ಲಿ ಕಣ್ಕಟ್ಟು ತೋರಿಸಲು ಬಂದಿದ್ದ ಮೂವರು ಹಿಂದೂಗಳನ್ನು ಮೊದಲು ಹಿಡಿದರು. ಅವರು ಆ ರಾತ್ರಿ ಬೇರೆಡೆಯಲ್ಲಿದ್ದರೆಂದು ತಿಳಿದ ಮೇಲೆ ಸಂಶಯವು ರೊಸಾನ ಎಂಬ ದಾಸಿಯ ಮೇಲೆ ತಿರುಗಿತು; ಏಕೆಂದರೆ ಅವಳು ಹಿಂದೊಮ್ಮೆ ಕಳವಿಗಾಗಿ ಶಿಕ್ಷೆ ಅನುಭವಿಸಿದ್ದಳು. ಲಂಡನ್ನಿನಿಂದ ಬಂದ ನಿಪುಣ ಪತ್ತೇದಾರ ಕಫ್‌ನೂ ತಪ್ಪುದಾರಿ ಹಿಡಿದನು. ರೊಸಾನಳು ಕಡಲತೀರದ ಹುದುಲುಮರಳಿನಲ್ಲಿ ಪ್ರಾಣಬಿಟ್ಟಳು. ಕಡೆಗೆ ಗಂಟನ್ನು ಬಿಡಿಸಿದವನು ಎಜ್ರಾ ಜೆನ್ನಿಂಗ್ಸ್, ಊರ ವೈದ್ಯನ ಕೈಕೆಳಗಿನ ಸಹಾಯಕ. ಬಣ್ಣ ಕಪ್ಪಾದುದರಿಂದಲೂ ಕುಲ ತಿಳಿಯದುದರಿಂದಲೂ ಊರವರು ದೂರವಿಟ್ಟಿದ್ದ ವ್ಯಕ್ತಿ. ವಜ್ರವನ್ನು ಕೋಣೆಯಿಂದ ತೆಗೆದವನು ಅದನ್ನು ಹುಡುಕಲು ಎಲ್ಲರಿಗಿಂತ ಹೆಚ್ಚು ಓಡಾಡಿದ ಮನೆಯ ಬಂಧುವೇ. ತಿಳಿಯದೆ ಕುಡಿದ ಅಫೀಮಿನ ಮಂಪರಿನಲ್ಲಿ ತೆಗೆದುದು ಅವನಿಗೇ ಗೊತ್ತಿರಲಿಲ್ಲ. ಅವನ ಕೈಯಿಂದ ಅದನ್ನು ಪಡೆದು ಒತ್ತೆಯಿಟ್ಟವನು ಧರ್ಮಸಂಘಗಳಲ್ಲಿ ಹೆಸರಾಂತ ಸದ್ಗೃಹಸ್ಥ. ಹೊರಗಿನವರು, ದಾಸಿ, ಕಪ್ಪುಬಣ್ಣದವನು ಎಂದು ಮೂರು ಬಾರಿ ಊರು ತಪ್ಪುಕಡೆ ಬೆರಳು ತೋರಿಸಿತು.

ಕಾಲಿನ್ಸನು ಇದನ್ನು ಕೇವಲ ಕಲ್ಪನೆಯಿಂದ ಬರೆಯಲಿಲ್ಲ. ೧೮೬೦ರಲ್ಲಿ ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯ ದೊಡ್ಡಮನೆಯೊಂದರಲ್ಲಿ ಮೂರು ವರ್ಷದ ಬಾಲಕನೊಬ್ಬನ ಕೊಲೆಯಾಯಿತು. ಸ್ಥಳೀಯ ಪೋಲೀಸಿನವರು ಮಗುವಿನ ದಾದಿಯನ್ನು ಹಿಡಿದರು. ಲಂಡನ್ನಿನ ಅಧಿಕಾರಿ ವಿಚರ್ ಎಂಬವನು ಯಜಮಾನನ ಹದಿಹರೆಯದ ಮಗಳಾದ ಕಾನ್ಸ್‌ಟೆನ್ಸ್ ಕೆಂಟ್‌ಳನ್ನು ಸಂಶಯಿಸಿದಾಗ, ಕುಲೀನ ಮನೆಯ ಹುಡುಗಿಯ ಮೇಲೆ ಇಂತಹ ಆರೋಪವೇ ಎಂದು ಜನರು ಅವನನ್ನು ಧಿಕ್ಕರಿಸಿದರು. ಅವನ ಕೀರ್ತಿ ಮಣ್ಣುಪಾಲಾಯಿತು. ೧೮೬೫ರಲ್ಲಿ ಆಕೆಯೇ ಬಂದು ತಪ್ಪೊಪ್ಪಿಕೊಂಡಳು.

ಇದೇ ಕಾಲದಲ್ಲಿ ಭಾರತದಲ್ಲಿ ಸರ್ಕಾರವು ಮಾಡಿದ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆ ಕಾದಂಬರಿ ಹೊರಟ ಮೂರು ವರ್ಷಗಳಿಗೆ, ೧೮೭೧ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯಿದೆಯು ಜಾರಿಗೆ ಬಂದಿತು. ಆರಂಭದಲ್ಲಿ ಉತ್ತರಭಾರತಕ್ಕೆ ಮೀಸಲಾಗಿದ್ದು ತರುವಾಯ ದಕ್ಷಿಣಕ್ಕೂ ಹಬ್ಬಿದ ಈ ಕಾಯಿದೆಯ ಪ್ರಕಾರ, ಒಬ್ಬನು ಏನು ಮಾಡಿದನೆಂಬುದನ್ನು ನೋಡದೆ, ಯಾವ ಕುಲದಲ್ಲಿ ಹುಟ್ಟಿದನೆಂಬುದರಿಂದಲೇ ಅವನನ್ನು ಅಪರಾಧಿಯೆಂದು ಎಣಿಸಬಹುದಾಗಿದ್ದಿತು. ಹುಬ್ಬಳ್ಳಿ, ಗದಗುಗಳಲ್ಲಿ ಅಂತಹವರಿಗಾಗಿ ಬೇಲಿಯೊಳಗಣ ಸೆಟ್ಲ್‌ಮೆಂಟುಗಳಿದ್ದುವು. ಸ್ವತಂತ್ರ ಭಾರತವು ೧೯೫೨ರಲ್ಲಿ ಈ ಕಾಯಿದೆಯನ್ನು ತೆಗೆದುಹಾಕಿತು. ಕಾಯಿದೆ ಹೋದರೂ ಅದರ ಹಿಂದಿನ ಮನೋಭಾವವು ಮನೆಗಳಿಂದ ಹೋಯಿತೆಂದು ಹೇಳುವಂತಿಲ್ಲ. ಮೆಣಸಿನ ಮೂಟೆಯೊಂದು ಕಾಣದಾದರೆ, ಕಣದಲ್ಲಿ ಒಣಗಹಾಕಿದ ಕಾಫಿ ಕಡಿಮೆಯಾದರೆ ನಮ್ಮ ಮಲೆನಾಡಿನಲ್ಲಿ ಮೊದಲು ಹೊರಡುವ ಮಾತು ಯಾವುದೆಂಬುದನ್ನು ವಾಚಕರು ತಮ್ಮನ್ನು ತಾವೇ ಕೇಳಿಕೊಳ್ಳಬಹುದು.

ಕಾಲಿನ್ಸನ ತರುವಾಯ ಈ ಜಾತಿಯ ಕಥೆಯು ಎರಡು ಕವಲಾಗಿ ಬೆಳೆಯಿತು. ೧೮೮೭ರಲ್ಲಿ ಕಾನನ್ ಡಾಯಲನ ಷೆರ್ಲಾಕ್ ಹೋಮ್ಸನು ಬಂದು ಮಹಾನಗರದ ವೃತ್ತಿಪತ್ತೇದಾರನಿಗೆ ಮಾದರಿಯಾದನು. ಮತ್ತೊಂದು ಕವಲು ಊರೊಳಗೇ ಉಳಿಯಿತು. ಅಮೆರಿಕದ ಅನ್ನಾ ಕ್ಯಾಥರೀನ್ ಗ್ರೀನಳು ೧೮೯೭ರ ಕಾದಂಬರಿಯೊಂದರಲ್ಲಿ, ಪಕ್ಕದ ಮನೆಯನ್ನು ಕಿಟಕಿಯಿಂದ ನೋಡುತ್ತಿದ್ದ ಅವಿವಾಹಿತ ವೃದ್ಧೆಯೊಬ್ಬಳನ್ನೇ ಶೋಧಕಳನ್ನಾಗಿ ಮಾಡಿದಳು. ೧೯೧೧ರಲ್ಲಿ ಚೆಸ್ಟರ್ಟನ್ನನ ಫಾದರ್ ಬ್ರೌನ್ ಎಂಬ ಪಾದ್ರಿಯ ಕಥೆಗಳು ಪುಸ್ತಕರೂಪದಲ್ಲಿ ಬಂದುವು. ಪಾಪನಿವೇದನೆಯನ್ನು ಕೇಳಿ ಕೇಳಿ ಮನುಷ್ಯರ ಮನಸ್ಸನ್ನು ಅರಿತಿರುವುದೇ ಆ ಪಾದ್ರಿಯ ಬಲ. ೧೯೨೭ರಲ್ಲಿ ಆಗಥಾ ಕ್ರಿಸ್ಟಿಯ ಸಣ್ಣಕಥೆಯೊಂದರಲ್ಲಿ ಕಾಣಿಸಿಕೊಂಡ ಮಿಸ್ ಮಾರ್ಪಲಳು ೧೯೩೦ರಲ್ಲಿ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಕಾದಂಬರಿಯ ಮೂಲಕ ಈ ಕವಲಿಗೆ ಸ್ಥಿರವಾದ ರೂಪವನ್ನು ಕೊಟ್ಟಳು. ಹನ್ನೆರಡು ಕಾದಂಬರಿಗಳಲ್ಲಿ ಬರುವ ಈ ವೃದ್ಧೆಗೆ ಹೆಣಿಗೆ, ಹೂದೋಟ ಮತ್ತು ಸೇಂಟ್ ಮೇರಿ ಮೀಡ್ ಎಂಬ ತನ್ನ ಹಳ್ಳಿಯ ನೆನಪುಗಳು, ಇಷ್ಟೇ ಬಂಡವಾಳ. ಹೊಸ ಅಪರಾಧವನ್ನು ಕಂಡಾಗ ಅವಳು ಹಳ್ಳಿಯಲ್ಲಿ ಹಿಂದೆ ನಡೆದ ಯಾವುದೋ ಸಣ್ಣ ಮೋಸವನ್ನು ನೆನೆದು ಎರಡನ್ನೂ ಹೋಲಿಸಿ ನೋಡುವಳು. ಪೋಲೀಸಿನವರು ಹೆಜ್ಜೆಗುರುತನ್ನು ನೋಡಿದರೆ ಅವಳು ಸ್ವಭಾವವನ್ನು ನೋಡುವಳು. ಊರ ಹೆಂಗಸರ ಹರಟೆಯೆಂದು ನಾವು ತಿರಸ್ಕರಿಸುವ ವಸ್ತುವೇ ಅವಳ ಕೈಯಲ್ಲಿ ವಿಚಾರಣೆಯ ಸಾಧನವಾಯಿತು. ಹರಟೆಯು ಕೇಳಿದೊಡನೆ ನಂಬುತ್ತದೆ. ಅವಳು ಕೇಳಿದುದೆಲ್ಲವನ್ನೂ ಪರೀಕ್ಷಿಸುವಳು. ವ್ಯತ್ಯಾಸವು ಇಷ್ಟೇ ಆದರೂ ಬಹು ದೊಡ್ಡದು.

ಆ ಕಾಲದ ಇಂಗ್ಲಿಷ್ ಲೇಖಕರು ಈ ಕಥೆಗಳಿಗೆ ನಿಯಮಗಳನ್ನೂ ಮಾಡಿಕೊಂಡರು. ೧೯೨೯ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿಯು ಹತ್ತು ಸೂತ್ರಗಳನ್ನು ಹಾಕಿದನು. ಅಪರಾಧಿಯು ಕಥೆಯ ಆರಂಭದಲ್ಲಿಯೇ ಕಾಣಿಸಿಕೊಂಡವನಾಗಿರಬೇಕು ಎಂಬುದು ಮೊದಲನೆಯದು. ಕಥೆಯಲ್ಲಿ ಚೀನೀಯನು ಬರಕೂಡದೆಂಬುದು ಇನ್ನೊಂದು. ಓದಿದೊಡನೆ ಇದು ಚೀನೀಯರ ಮೇಲಣ ದ್ವೇಷದಂತೆ ತೋರಬಹುದು. ಆದರೆ ಅಂದಿನ ಅಗ್ಗದ ಕಾದಂಬರಿಗಳಲ್ಲಿ ದುಷ್ಟನೆಂದರೆ ಚೀನೀಯನೇ ಎಂಬುದು ರೂಢಿಯಾಗಿದ್ದುದರಿಂದ, ಆ ಸುಲಭದ ದಾರಿಯನ್ನು ಹಿಡಿಯಬೇಡಿರೆಂಬುದೇ ಅದರ ಭಾವ. ಅಪರಾಧವನ್ನು ಹೊರಗಿನವನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಈ ಜಾತಿಯ ಕಥೆಯಲ್ಲಿ ಸೋಲೆಂದು ಎಣಿಕೆಯಾಯಿತು.

ಇನ್ನು ಕನ್ನಡದ ಕಡೆಗೆ ಬರೋಣ. ಬಂಗಾಳಿಯಲ್ಲಿ ಪ್ರಿಯನಾಥ ಮುಖೋಪಾಧ್ಯಾಯರೆಂಬ ಪೋಲೀಸು ಅಧಿಕಾರಿಯು ೧೮೯೨ರಿಂದ ‘ದಾರೋಗಾರ್ ದಫ್ತರ್’ ಎಂಬ ಮಾಲೆಯಲ್ಲಿ ತನ್ನ ಅನುಭವಗಳನ್ನು ಪ್ರಕಟಿಸಿದರು. ೧೯೩೨ರಲ್ಲಿ ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶನು ತನ್ನನ್ನು ಪತ್ತೇದಾರನೆನ್ನದೆ ಸತ್ಯಾನ್ವೇಷಿಯೆಂದು ಕರೆದುಕೊಂಡು ಬಂದನು. ಬಂಗಾಳಿಯಿಂದ ಕನ್ನಡಕ್ಕೆ ಕಾದಂಬರಿಯ ಹಾದಿಯನ್ನು ಹಾಕಿಕೊಟ್ಟವರು ಬಿ. ವೆಂಕಟಾಚಾರ್ಯರು, ಕಾದಂಬರಿಗಳನ್ನು ಬರೆದು, ಗಂಟುಕಟ್ಟಿ ಹೊತ್ತು, ಮನೆಮನೆಗೆ ಮುಟ್ಟಿಸಿದವರು ಗಳಗನಾಥರು. ಹೀಗೆ ಸಿದ್ಧವಾದ ಓದುಗರ ನಡುವೆ ಪತ್ತೇದಾರಿ ಕಾದಂಬರಿಯು ತರುವಾಯ ನೆಲೆಯೂರಿತು. ಫೌಜುದಾರ, ಜಮೀನುದಾರ ಎಂಬಂತೆ ‘ದಾರ’ ಪ್ರತ್ಯಯವನ್ನು ಹೊತ್ತ ‘ಪತ್ತೇದಾರ’ ಎಂಬ ಮಾತಿನಲ್ಲಿಯೇ ಅಧಿಕಾರದ ಗಂಧವುಂಟು. ನಮ್ಮ ಕಾದಂಬರಿಗಳ ಪತ್ತೇದಾರನೂ ಹಾಗೆಯೇ ಪಟ್ಟಣದ ವೃತ್ತಿನಿರತ ಪುರುಷನಾದನು.

ಈ ಕ್ಷೇತ್ರದಲ್ಲಿ ಎನ್. ನರಸಿಂಹಯ್ಯನವರ ಹೆಸರನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ೧೯೨೫ರಲ್ಲಿ ಜನಿಸಿ ೨೦೧೧ರಲ್ಲಿ ತೀರಿಕೊಂಡ ಈ ಮಹನೀಯರಿಗೆ ಶಾಲೆಯ ವಿದ್ಯೆ ಹೆಚ್ಚಾಗಿ ದೊರೆಯಲಿಲ್ಲ. ೧೯೫೨ರಲ್ಲಿ ಪತ್ತೇದಾರ ಪುರುಷೋತ್ತಮನ ಸಾಹಸವನ್ನು ಬರೆದು ಪ್ರಾರಂಭಮಾಡಿದ ಅವರು ಐನೂರಕ್ಕೂ ಮಿಕ್ಕು ಕಾದಂಬರಿಗಳನ್ನು ರಚಿಸಿದರು. ಕನ್ನಡ ಚಳವಳಿಯ ಮುಂದಾಳುಗಳಾಗಿದ್ದು ಕನ್ನಡದ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಗಳೂ (೧೯೧೮–೧೯೬೭) ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಅಕ್ಷರ ಕಲಿತೂ ಪುಸ್ತಕ ಹಿಡಿಯದಿದ್ದ ಸಹಸ್ರಾರು ಮಂದಿ ಇಂತಹ ಪುಸ್ತಕಗಳಿಂದಲೇ ಓದುಗರಾದರೆಂಬುದನ್ನು ಪಂಡಿತರೂ ಒಪ್ಪಿಕೊಂಡಿರುವರು. ೧೯೬೫ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದು ಪುಸ್ತಕಭಂಡಾರಗಳು ಹರಡಿದಾಗ ಅವುಗಳಿಗೆ ಓದುಗರು ಆಗಲೇ ಸಿದ್ಧರಾಗಿದ್ದರು. ಆದರೂ ಆ ಪತ್ತೇದಾರನು ರಹಸ್ಯವನ್ನು ಬಿಡಿಸಿ ಪಟ್ಟಣಕ್ಕೆ ಹಿಂದಿರುಗುವವನು. ತಾನು ಸಂಶಯಿಸಿದವರ ನಡುವೆ ಮರುದಿನ ಬದುಕಬೇಕಾದ ಕಷ್ಟ ಅವನಿಗಿಲ್ಲ. ಊರೊಳಗಣ ಶೋಧಕನಿಗೆ ಆ ಕಷ್ಟವೇ ಮುಖ್ಯ.

ಅಂತಹ ಶೋಧಕನು ಕನ್ನಡದಲ್ಲಿ ತಡವಾಗಿ ಬಂದನು. ಬಂದುದು ನಮ್ಮ ಮಲೆನಾಡಿನಿಂದಲೇ. ಸಕಲೇಶಪುರಕ್ಕೆ ಹೊಂದಿಕೊಂಡ ಮೂಡಿಗೆರೆಯ ತೋಟದಲ್ಲಿ ಬಾಳಿದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಪತ್ತೇದಾರಿ ಕಥೆಯ ಚೌಕಟ್ಟನ್ನು ತಮ್ಮ ಕಾದಂಬರಿಗಳಲ್ಲಿ ಬಳಸಿಕೊಂಡ ರೀತಿಯು ವಿಶಿಷ್ಟವಾದುದು. ೧೯೮೦ರ ‘ಕರ್ವಾಲೋ’ ಕಾದಂಬರಿಯಲ್ಲಿ ಹುಡುಕಾಟವು ಅಪರಾಧಿಯದಲ್ಲ, ಒಂದು ಹಾರುವ ಓತಿಯದು. ಆದರೆ ನಡೆಯೆಲ್ಲವೂ ಶೋಧನೆಯದೇ. ಸುಳಿವು, ಸಾಕ್ಷಿ, ಬೆನ್ನಟ್ಟುವಿಕೆ ಎಲ್ಲವೂ ಉಂಟು. ಅಲ್ಲಿ ನಿಜವಾದ ಶೋಧಕನು ಮಂದಣ್ಣ. ಜೇನು ಹಿಡಿಯುವವನು, ಊರವರ ದೃಷ್ಟಿಯಲ್ಲಿ ದಡ್ಡ, ಪೋಲೀಸು ಮೊಕದ್ದಮೆಯಲ್ಲಿ ಸಿಕ್ಕಿಬಿದ್ದವನು. ಅವನ ಕಣ್ಣಿನ ಬೆಲೆಯನ್ನು ವಿಜ್ಞಾನಿ ಕರ್ವಾಲೋ ಒಬ್ಬರೇ ಅರಿತಿದ್ದರು. ಊರು ದೂರವಿಟ್ಟ ಎಜ್ರಾ ಜೆನ್ನಿಂಗ್ಸನಿಗೂ ಮಂದಣ್ಣನಿಗೂ ಇರುವ ಸಾಮ್ಯವು ಗಮನಾರ್ಹವಾದುದು. ಯಾರನ್ನು ಊರು ಸಂಶಯದಿಂದ ನೋಡುವುದೋ ಅವನೇ ಊರು ಕಾಣದುದನ್ನು ಕಂಡಿರುವನು.

೧೯೮೫ರ ‘ಚಿದಂಬರ ರಹಸ್ಯ’ವು ಇನ್ನೂ ಸಮೀಪದ ಉದಾಹರಣೆ. ಇದಕ್ಕೆ ೧೯೮೭ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಕೆಸರೂರೆಂಬ ಸಣ್ಣ ಊರು. ಏಲಕ್ಕಿಯ ಇಳುವರಿ ಕುಸಿದುದಕ್ಕೆ ಕಾರಣವೇನು, ಸಂಶೋಧಕರೊಬ್ಬರು ಸತ್ತುದು ಹೇಗೆ ಎಂದು ವಿಚಾರಿಸಲು ಬರುವ ಅಂಗಡಿಯವರು. ಅವರ ಸುತ್ತ ಜಾತಿ, ಮತ, ವ್ಯಾಪಾರಗಳ ಹೆಸರಿನಲ್ಲಿ ಒಬ್ಬರನ್ನೊಬ್ಬರು ಸಂಶಯಿಸುವ ಜನ. ಕೊನೆಗೆ ಊರಿನ ಸುತ್ತ ಬೆಳೆದಿದ್ದ ಲಂಟಾನದ ಕಾಡಿಗೆ ಬೆಂಕಿ ಬೀಳುತ್ತದೆ. ಮಿಸ್ ಮಾರ್ಪಲಳ ಹಳ್ಳಿಯಲ್ಲಿ ಅಪರಾಧಿಯೊಬ್ಬನು ಸಿಕ್ಕಿದೊಡನೆ ಶಾಂತಿಯು ಮರಳುವುದು. ಕೆಸರೂರಿನಲ್ಲಿ ಹಾಗಾಗಲಿಲ್ಲ, ಏಕೆಂದರೆ ಅಲ್ಲಿಯ ರಹಸ್ಯವು ಒಬ್ಬ ವ್ಯಕ್ತಿಯಲ್ಲಿರದೆ ಇಡೀ ಊರಿನ ಅಪನಂಬಿಕೆಯಲ್ಲಿದ್ದಿತು. ಸಂಸ್ಕಾರವಿಲ್ಲದ ಸಂಶಯವು ಒಂದು ಊರನ್ನು ಏನು ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಕನ್ನಡದಲ್ಲಿ ನಾನು ಕಂಡಿಲ್ಲ.

ಈ ಚರಿತ್ರೆಯಿಂದ ತಿಳಿಯುವುದೇನು? ಸಂಶಯವೆಂಬುದು ಮನುಷ್ಯನಿಗೆ ಸಹಜ. ಅದನ್ನು ತೊರೆಯೆಂದು ಹೇಳಿದರೆ ಆಗುವ ಮಾತಲ್ಲ. ಆದರೆ ಅದನ್ನು ಒಂದು ಶಿಸ್ತಿಗೆ ಒಳಪಡಿಸಬಹುದು. ಎಲ್ಲರನ್ನೂ ಸಮವಾಗಿ ಸಂಶಯಿಸು, ತನ್ನನ್ನೂ ಬಿಡಬೇಡ, ಸಾಕ್ಷಿ ದೊರೆಯುವವರೆಗೆ ಯಾರ ಹೆಸರನ್ನೂ ಎತ್ತಬೇಡ. ಒಳ್ಳೆಯ ಪತ್ತೇದಾರಿ ಕಥೆಯು ಕಲಿಸುವುದು ಇದನ್ನೇ. ಆದುದರಿಂದ ಮನೆಯ ಮಕ್ಕಳು ಮಳೆಗಾಲದಲ್ಲಿ ಇಂತಹ ಪುಸ್ತಕವನ್ನು ಹಿಡಿದರೆ ಹಿರಿಯರು ಕಸಿದುಕೊಳ್ಳಬೇಕಾದುದಿಲ್ಲ. ತಾವೂ ಪಕ್ಕದಲ್ಲಿ ಕುಳಿತು, ಯಾರ ಮೇಲೆ ನಿನಗೆ ಸಂಶಯ, ಏಕೆ ಎಂದು ಕೇಳಿದರೆ ಸಾಕು. ಆ ‘ಏಕೆ’ ಎಂಬುದಕ್ಕೆ ಉತ್ತರ ಹೇಳುವಾಗ ಮಗುವು ಬಹಳವನ್ನು ಕಲಿಯುತ್ತದೆ, ಹಿರಿಯರೂ ಕಲಿಯಬಹುದು.

ನಮ್ಮ ಅಜ್ಜಿಯವರು ಯಾವ ಪತ್ತೇದಾರಿ ಪುಸ್ತಕವನ್ನೂ ಓದಿದವರಲ್ಲ. ಅವರಿಗೆ ಓದು ಬರುತ್ತಿರಲಿಲ್ಲ. ಪಂಚಪಾತ್ರೆಯು ಸಿಕ್ಕಿದ ದಿನ ಮನೆಯವರೆಲ್ಲ ನಕ್ಕರು, ಯಜಮಾನರೂ ನಕ್ಕರು. ಅಜ್ಜಿಯವರು ಮಾತ್ರ ನಗದೆ, ಕೊಡೆ ಹಿಡಿದು, ಒಂದು ಮೊರದಲ್ಲಿ ಅಕ್ಕಿ ಬೆಲ್ಲ ತೆಂಗಿನಕಾಯಿಗಳನ್ನಿಟ್ಟುಕೊಂಡು ಲೈನಿಗೆ ಹೋದರು. ಆ ಹೆಂಗಸು ಹಿಂದಿನ ಸಂಜೆಯೇ ಗಂಡ ಮಕ್ಕಳೊಡನೆ ಕೆಲಸ ಬಿಟ್ಟು ಹೊರಟುಹೋಗಿದ್ದಳು. ಯಾವ ತೋಟಕ್ಕೆ ಹೋದಳೆಂದು ವಿಚಾರಿಸಿದರೂ ತಿಳಿಯಲಿಲ್ಲ. ಆ ಪಂಚಪಾತ್ರೆಯು ಈಗಲೂ ನಮ್ಮ ದೇವರ ಮನೆಯಲ್ಲಿದೆ.